ಬಿದ್ದವನು ನಷ್ಟವಾದನೋ?

ರಕ್ಷಣೆಯ ನಿಶ್ಚಯವನ್ನೂ ಕಡೇ ವರೆಗೆ ನಿಲ್ಲುವದನ್ನೂ ಕುರಿತ ಪಾಠ

(ಮೊದಲು ಓದತಕ್ಕ ಭಾಗಗಳು: ಲೂಕ 22:31–34, 54–62, ಯೋಹಾನ 10:27–29, ಯೋಹಾನ 21:1–19)



ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗಳ ಹಳ್ಳಿ ಸಭೆಗಳಲ್ಲಿ ಆರಾಧನೆ ಮುಗಿದು ಜನರು ಚದರಿದ ಮೇಲೆ ಯಾರಾದರೊಬ್ಬರು ಹಿಂದುಳಿದು ಮೆಲ್ಲನೆ ಕೇಳುವ ಪ್ರಶ್ನೆಯೊಂದುಂಟು. ಎಲ್ಲರ ಮುಂದೆ ಅದನ್ನು ಕೇಳುವ ಧೈರ್ಯ ಸಾಲದು. "ನಾನು ರಕ್ಷಣೆ ಹೊಂದಿದ್ದೇನೆಂದು ನನಗೆ ಹೇಗೆ ಗೊತ್ತಾಗಬೇಕು? ಹೊಂದಿದ್ದರೂ ಅದು ಕಡೇ ತನಕ ನನ್ನಲ್ಲಿ ಉಳಿಯುವದೋ?" ಎಂಬದೇ ಆ ಪ್ರಶ್ನೆ. ಇದು ಪಂಡಿತರ ವಾದವಲ್ಲ. ಒಂದು ಮನೆಯ ಸಂಗತಿಯನ್ನು ಇಟ್ಟುಕೊಂಡು ನೋಡಿದರೆ ಇದು ಎಷ್ಟು ಭಾರವಾದದ್ದೆಂದು ತಿಳಿಯುವದು.

ಒಬ್ಬ ಸಹೋದರನು ಇದ್ದಾನೆಂದು ಎಣಿಸಿರಿ. ಅವನು ದೀಕ್ಷಾಸ್ನಾನ ಹೊಂದಿ ಎಂಟು ವರುಷಗಳಾದವು. ಭಾನುವಾರದ ಆರಾಧನೆಗೆ ತಪ್ಪಿದವನಲ್ಲ. ಒಂದು ಮಳೆಗಾಲದಲ್ಲಿ ಅವನ ಮಗುವಿಗೆ ಜ್ವರ ಬಂದು ಐದು ದಿನವಾದರೂ ಇಳಿಯಲಿಲ್ಲ. ಅವನ ಸೋದರತ್ತೆಯು ಬಂದು ಮಗುವಿನ ಬಳಿ ಕೂತಳು. ಮೂರನೆಯ ರಾತ್ರಿ ಅವಳು, "ಹಿರೀಕರು ನಡಕೊಂಡು ಬಂದ ದೇವರನ್ನು ಬಿಟ್ಟದ್ದಕ್ಕೇ ಹೀಗಾಯಿತು ಕಣಪ್ಪಾ, ಮಾದಪ್ಪನ ಹೆಸರಿನಲ್ಲಿ ಒಂದು ಮುಡಿಪು ಕಟ್ಟು, ಮಗ ಎದ್ದರೆ ಬೆಟ್ಟಕ್ಕೆ ಬಂದು ಮುಡಿ ಕೊಡುತ್ತೇನೆ ಅನ್ನು" ಎಂದಳು. ಅವನು ಎರಡು ರಾತ್ರಿ ತಡೆದನು. ಐದನೆಯ ರಾತ್ರಿ ಮಗುವು ಕಣ್ಣು ಮೇಲೆ ಮಾಡಿದಾಗ ಅರಿಸಿನದ ಬಟ್ಟೆಯಲ್ಲಿ ಕಾಸನ್ನು ಕಟ್ಟಿ ತೊಲೆಗೆ ತೂಗಹಾಕಿದನು. ಬೆಳಗಾದ ಮೇಲೆ ಆಸ್ಪತ್ರೆಗೆ ಎತ್ತಿಕೊಂಡು ಹೋದನು. ಔಷಧದಿಂದ ಮಗುವು ಗುಣವಾಯಿತು. ಆದರೆ ಅಂದಿನಿಂದ ಅವನು ಸಭೆಗೆ ಬರುವದನ್ನು ಬಿಟ್ಟನು. ಹೋಗಿ ಕರೆದವರಿಗೆ, "ನಾನು ಕೆಟ್ಟೆ. ಇನ್ನು ಯಾವ ಮುಖದಿಂದ ಬರಲಿ? ನನ್ನ ರಕ್ಷಣೆ ಅಂದೇ ಹೋಯಿತು" ಅನ್ನುತ್ತಾನೆ.

ಇಂಥವನ ವಿಷಯದಲ್ಲಿ ಸಭೆಯವರು ಎರಡು ಮಾತುಗಳನ್ನು ಆಡುವದುಂಟು. ಕೆಲವರು, "ಅವನು ಮೊದಲಿನಿಂದಲೂ ವಿಶ್ವಾಸಿಯೇ ಅಲ್ಲ" ಎಂದು ತೀರ್ಪು ಕೊಡುತ್ತಾರೆ. ಬೇರೆ ಕೆಲವರು, "ಹೋಗಲಿ ಬಿಡಿ, ದೇವರು ಕರುಣಾಳು, ಇದನ್ನು ದೊಡ್ಡದು ಮಾಡಬಾರದು" ಅನ್ನುತ್ತಾರೆ. ಮೊದಲನೆಯವರು ಬಾಗಿಲು ಮುಚ್ಚುತ್ತಾರೆ. ಎರಡನೆಯವರು ಬಾಗಿಲೇ ಇಲ್ಲವೆಂಬಂತೆ ಮಾತಾಡುತ್ತಾರೆ. ಆ ಸಹೋದರನಿಗೆ ಎರಡರಿಂದಲೂ ಪ್ರಯೋಜನವಿಲ್ಲ. ಅವನಿಗೆ ತಿಳಿಯಬೇಕಾದದ್ದು ಒಂದೇ: ತನ್ನ ರಕ್ಷಣೆಯು ಮೊದಲಿನಿಂದ ಯಾವದರ ಮೇಲೆ ನಿಂತಿತ್ತು? ತನ್ನ ಕೈಯ ಬಿಗಿಯ ಮೇಲೆ ನಿಂತಿದ್ದರೆ ಆ ಐದನೆಯ ರಾತ್ರಿ ಅದು ಬಿದ್ದುಹೋಯಿತು, ನಿಜ. ಹಿಡಿದುಕೊಂಡಾತನ ಕೈಯ ಮೇಲೆ ನಿಂತಿದ್ದರೆ ಮಾತು ಬೇರೆ.

ನಿಶ್ಚಯವಾಗಿ ತಿಳಿಯಬಹುದೆಂಬದನ್ನೇ ನಮ್ಮ ನೆರೆಯವರಲ್ಲಿ ಅನೇಕರು ಒಪ್ಪುವದಿಲ್ಲ. "ಸತ್ತ ಮೇಲಿನದನ್ನು ಕಂಡು ಬಂದವರು ಯಾರು?" ಎಂದು ನಗುತ್ತಾರೆ. ನಮ್ಮವರಲ್ಲಿಯೂ ಕೆಲವರು, "ನಾನು ರಕ್ಷಿಸಲ್ಪಟ್ಟವನು" ಎಂದು ಹೇಳುವದು ಗರ್ವವೆಂದು ಎಣಿಸುತ್ತಾರೆ. ಆದರೆ ಅಪೊಸ್ತಲನಾದ ಯೋಹಾನನು ತನ್ನ ಮೊದಲನೆಯ ಪತ್ರಿಕೆಯನ್ನು ಬರೆದ ಉದ್ದೇಶವನ್ನು ಅದರ ಕೊನೆಯಲ್ಲಿ ತಾನೇ ತಿಳಿಸುತ್ತಾನೆ (1 ಯೋಹಾನ 5:13): ದೇವರ ಮಗನ ಹೆಸರಿನಲ್ಲಿ ನಂಬಿಕೆಯಿಟ್ಟವರು ತಮಗೆ ನಿತ್ಯಜೀವವುಂಟೆಂದು ತಿಳುಕೊಳ್ಳಬೇಕೆಂಬದೇ ಅದು. ಊಹಿಸಬೇಕೆಂದಾಗಲಿ ಹಾರೈಸಬೇಕೆಂದಾಗಲಿ ಅಲ್ಲ, ತಿಳುಕೊಳ್ಳಬೇಕೆಂದು. ಅದು ನಮ್ಮ ಯೋಗ್ಯತೆಯ ಮಾತಾಗಿದ್ದರೆ ಗರ್ವವಾಗುತ್ತಿತ್ತು. ಸಾಲ ತೀರಿಸಿದವನು ಬೇರೊಬ್ಬನಾಗಿರಲು, ತೀರಿತೆಂದು ಹೇಳುವ ಸಾಲಗಾರನು ತನ್ನನ್ನು ಹೊಗಳಿಕೊಂಡಂತಾಗುವದಿಲ್ಲವಷ್ಟೆ.

ಇದಕ್ಕೆ ನಮ್ಮ ಸೀಮೆಯ ಚರಿತ್ರೆಯಲ್ಲಿಯೇ ಒಂದು ಒಳ್ಳೇ ದೃಷ್ಟಾಂತವಿದೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕೊಳ್ಳೇಗಾಲದ ಸೀಮೆಯು ಇಂಗ್ಲಿಷ್ ಕಂಪನಿಯ ಕೈಗೆ ಹೋಗಿ, ಮುಂದೆ ಮದ್ರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ ತಾಲ್ಲೂಕಾಯಿತು. ಹನೂರೂ ಅದರೊಳಗೇ ಇತ್ತು. ಪಕ್ಕದ ಯಳಂದೂರಾದರೋ ಮೈಸೂರಿನಲ್ಲಿಯೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲ್ಪಟ್ಟಿತು. ಒಂದೇ ನುಡಿ, ಒಂದೇ ಬೆಳೆ, ಒಂದೇ ನಂಟಸ್ತಿಕೆ. ಆದರೂ ನಡುವೆ ಗಡಿ. 1956ನೆಯ ನವಂಬರ್ 1ನೆಯ ತಾರೀಖಿನಲ್ಲಿ ರಾಜ್ಯಗಳ ಪುನರ್ವಿಂಗಡಣೆಯ ಕಾನೂನಿನ ಪ್ರಕಾರ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ಹಿಂದಿನ ರಾತ್ರಿ ಮದ್ರಾಸು ರಾಜ್ಯದಲ್ಲಿ ಮಲಗಿದ ಒಕ್ಕಲಿಗನು ಬೆಳಿಗ್ಗೆ ಮೈಸೂರು ರಾಜ್ಯದಲ್ಲಿ ಎದ್ದನು. ಅವನು ಒಂದು ಹೆಜ್ಜೆಯನ್ನೂ ನಡೆಯಲಿಲ್ಲ. ಅದೇ ಗುಡಿಸಲು, ಅದೇ ದನ, ಅದೇ ಒಲೆಯ ಹೊಗೆ. ಮೈಯಲ್ಲಿ ಏನಾದರೂ ಬೇರೆಯಾಗಿ ತೋಚಿತೋ ಎಂದು ಕೇಳಿದರೆ ಅವನು ನಕ್ಕಿದ್ದಾನು. ಬಾಯಿ ರೂಢಿಯಿಂದ ಇನ್ನೂ ಹತ್ತು ವರುಷ ಅವನು "ನಮ್ಮ ಕೊಯಮತ್ತೂರು ಜಿಲ್ಲೆ" ಅನ್ನುತ್ತಿದ್ದರೂ ಅವನು ಕೊಯಮತ್ತೂರಿನವನಾಗುತ್ತಿರಲಿಲ್ಲ. ಅಧಿಕಾರವುಳ್ಳವರು ಆಜ್ಞೆ ಮಾಡಿದ್ದರು, ಸಂಗತಿ ಮುಗಿದಿತ್ತು.

ಕೊಲೊಸ್ಸೆಯವರಿಗೆ ಬರೆಯುತ್ತಾ ಪೌಲನು (1:13) ತಂದೆಯು ನಮ್ಮನ್ನು ಕತ್ತಲೆಯ ದೊರೆತನದಿಂದ ಬಿಡಿಸಿ ತನ್ನ ಪ್ರಿಯಕುಮಾರನ ರಾಜ್ಯದೊಳಗೆ ಸೇರಿಸಿದನೆಂದು ಹೇಳುವಾಗ ಇಂಥ ಮಾತನ್ನೇ ಆಡುತ್ತಾನೆ. ಸೇರಿಸುವನೆಂದಲ್ಲ, ಸೇರಿಸಿದನು. ಹಳೇ ರಾಜ್ಯದ ನುಡಿಯೂ ಹಳೇ ಭಯವೂ ನಮ್ಮ ನಾಲಿಗೆಯ ಮೇಲೆ ಎಷ್ಟೋ ಕಾಲ ಉಳಿಯಬಹುದು. ಜ್ವರದ ರಾತ್ರಿಯಲ್ಲಿ ಅವು ಒಮ್ಮೆಲೆ ಮೇಲಕ್ಕೆ ಬರಬಹುದು. ಅಷ್ಟರಿಂದ ಗಡಿಯು ಹಿಂದಕ್ಕೆ ಸರಿಯುವದಿಲ್ಲ. ದೃಷ್ಟಾಂತವನ್ನು ಇದಕ್ಕಿಂತ ದೂರ ಎಳೆಯಬಾರದು. ಮನುಷ್ಯರ ಗಡಿಗಳನ್ನು ಮನುಷ್ಯರೇ ತಿರುಗಿ ಬದಲಿಸುತ್ತಾರೆ. ಅದೇ ಕೊಳ್ಳೇಗಾಲವು 1997ರಲ್ಲಿ ಮೈಸೂರು ಜಿಲ್ಲೆಯನ್ನು ಬಿಟ್ಟು ಚಾಮರಾಜನಗರ ಜಿಲ್ಲೆಗೆ ಸೇರಿತು. ಹನೂರು ಈಗ ಬೇರೆ ತಾಲ್ಲೂಕು. ಪೂರ್ಣಯ್ಯನವರ ಜಹಗೀರು ಇಂದು ಇಲ್ಲವೇ ಇಲ್ಲ. ತಂದೆಯ ಆಜ್ಞೆಯಾದರೋ ಹಾಗೆ ಬದಲಾಗತಕ್ಕದ್ದಲ್ಲ.

"ಆದರೆ ನನ್ನೊಳಗೆ ಜೀವವೇ ಇಲ್ಲದಂತಿದೆಯಲ್ಲಾ! ಪ್ರಾರ್ಥನೆ ಬರುವದಿಲ್ಲ, ವಾಕ್ಯ ರುಚಿಸುವದಿಲ್ಲ" ಎಂದು ಒಬ್ಬನು ಅನ್ನಬಹುದು. ರೇಷ್ಮೆ ಹುಳುವನ್ನು ಸಾಕುವ ನಮ್ಮವರಿಗೆ ಇದರ ಉತ್ತರವನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಚಾಕಿಯಿಂದ ಹಣ್ಣಾಗುವ ವರೆಗೆ ಹುಳುವು ನಾಲ್ಕು ಸಾರಿ ಜ್ವರಕ್ಕೆ ಕೂರುತ್ತದೆಂದು ನೀವೇ ಹೇಳುತ್ತೀರಿ. ನಿನ್ನೆ ಸಂಜೆಯ ತನಕ ಸರಸರನೆ ಹಿಪ್ಪುನೇರಳೆ ಸೊಪ್ಪನ್ನು ಮೇಯುತ್ತಿದ್ದದ್ದು ಇಂದು ತಲೆಯೆತ್ತಿ ಕದಲದೆ ಕೂತಿರುತ್ತದೆ. ಎಳೇ ಸೊಪ್ಪು ಹಾಕಿದರೂ ಬಾಯಿ ಹಾಕುವದಿಲ್ಲ. ಹೊಸಬನು ನೋಡಿದರೆ ತಟ್ಟೆಯೆಲ್ಲಾ ಸತ್ತಿತೆಂದು ಹೊರಗೆ ಚೆಲ್ಲಿಬಿಟ್ಟಾನು. ತಿಳಿದವನಾದರೋ ಸೊಪ್ಪು ಹಾಕುವದನ್ನು ನಿಲ್ಲಿಸಿ, ಹಾಸು ಒಣಗಿರುವಂತೆ ನೋಡಿಕೊಂಡು, ಯಾರೂ ಮುಟ್ಟದಂತೆ ಕಾಯುತ್ತಾನೆ. ಯಾಕಂದರೆ ಒಳಗೆ ಹೊಸ ಚರ್ಮವು ಹುಟ್ಟುತ್ತಿದೆ. ಹಳೆಯದು ಮೈಗೆ ಬಿಗಿಯಾಗಿದೆ. ಅದನ್ನು ಕಳಚದೆ ಹುಳುವು ಬೆಳೆಯಲಾರದು. ಒಂದು ದಿನ ಕಳೆದ ಮೇಲೆ ಅದು ಜ್ವರದಿಂದ ಎದ್ದು ಮೊದಲಿಗಿಂತ ಹೆಚ್ಚಾಗಿ ಮೇಯತೊಡಗುತ್ತದೆ. ನಾಲ್ಕನೆಯ ಜ್ವರವೆದ್ದ ಹುಳುವಿನ ಹಸಿವೆಯನ್ನು ತೀರಿಸುವದಕ್ಕೆ ಮನೆಮಂದಿಯೆಲ್ಲಾ ರಾತ್ರಿ ಹಗಲು ಸೊಪ್ಪು ಕೊಯ್ಯಬೇಕಾಗುತ್ತದೆ.

ಪ್ರಿಯರೇ, ವಿಶ್ವಾಸಿಗೂ ಇಂಥ ಜ್ವರಗಳು ಬರುತ್ತವೆ. ಸ್ನಾನದೀಕ್ಷೆಯ ದಿನದ ಸಂತೋಷವು ಮುಗಿದು, ಬೆಳೆ ಕೆಟ್ಟು, ನೆಂಟರು ದೂರವಾಗಿ, ಮದುವೆಗೂ ಸಾವಿಗೂ ಊರವರು ಕರೆಯದೆ ಇರುವಾಗ ಅವನು ತಲೆಯೆತ್ತಿ ಸುಮ್ಮನೆ ಕೂತಿರುತ್ತಾನೆ. ಬಿಗಿಯಾದ ಹಳೇ ಚರ್ಮವೊಂದನ್ನು ಕಳಚುತ್ತಿದ್ದಾನೋ ಏನೋ ನಾವು ಕಾಣೆವು. ಅದಕ್ಕಾಗಿಯೇ ತಟ್ಟೆಯನ್ನು ಚೆಲ್ಲಲಿಕ್ಕೆ ಅವಸರಪಡಬಾರದು. ಆದರೂ ಯಥಾರ್ಥವಾಗಿ ಒಂದು ಮಾತನ್ನು ಸೇರಿಸಬೇಕು. ಕದಲದ ಹುಳುವೆಲ್ಲಾ ಜ್ವರಕ್ಕೆ ಕೂತದ್ದಲ್ಲ. ಸಪ್ಪೆರೋಗದಿಂದಲೋ ಸುಣ್ಣಕಟ್ಟಿನಿಂದಲೋ ಸತ್ತದ್ದೂ ಇರುತ್ತದೆ. ಎರಡಕ್ಕೂ ಇರುವ ಭೇದವು ಆ ಹೊತ್ತಿನಲ್ಲಿ ಹೊಸಬನಿಗೆ ತಿಳಿಯದೆ ಇದ್ದರೂ ಮಾರನೆಯ ದಿನ ತಿಳಿಯುವದು. ಜೀವವುಳ್ಳದ್ದು ಏಳುವದು.

ಹೀಗೆ ನಾವು ಪೇತ್ರನ ಸಂಗತಿಗೆ ಬರುತ್ತೇವೆ. ಕರ್ತನು ಅವನಿಗೆ ಮುಂಚಿತವಾಗಿ ಮೂರು ಮಾತುಗಳನ್ನು ಹೇಳಿದ್ದನು. ಸೈತಾನನು ಶಿಷ್ಯರನ್ನು ಗೋದಿಯನ್ನು ಜಾಲಿಸುವಂತೆ ಜಾಲಿಸಲು ಕೇಳಿಕೊಂಡಿದ್ದಾನೆಂದೂ, ಪೇತ್ರನ ನಂಬಿಕೆಯು ಕುಂದದಂತೆ ತಾನು ಅವನಿಗೋಸ್ಕರ ದೇವರಿಗೆ ಬೇಡಿಕೊಂಡಿದ್ದೇನೆಂದೂ, ಅವನು ತಿರುಗಿಕೊಂಡ ಮೇಲೆ ಸಹೋದರರನ್ನು ದೃಢಪಡಿಸಬೇಕೆಂದೂ. ತಿರುಗಿಕೊಂಡರೆ ಎಂದು ಕರ್ತನು ಹೇಳಲಿಲ್ಲ. ಬೀಳುವದಕ್ಕೆ ಮುಂಚೆಯೇ ಏಳುವದರ ಮಾತಾಗಿತ್ತು. ಆ ರಾತ್ರಿ ಪೇತ್ರನ ಧೈರ್ಯವು ಬಿತ್ತು, ಅವನ ನಾಲಿಗೆಯು ಬಿತ್ತು. ಒಬ್ಬ ದಾಸಿಯ ಮುಂದೆ ಅವನು ಒಡೆಯನನ್ನು ಅರಿಯೆನೆಂದನು. ನಮ್ಮ ಸಹೋದರನು ತೊಲೆಗೆ ಕಟ್ಟಿದ ಮುಡಿಪಿಗಿಂತ ಅದು ಚಿಕ್ಕ ಪಾಪವೋ? ಆದರೂ ಅವನ ನಂಬಿಕೆಯು ಸಾಯಲಿಲ್ಲ. ಅದು ಪೇತ್ರನ ಬಲವಲ್ಲ, ಬೇಡಿಕೊಂಡಾತನ ಬಲ.

ಅದೇ ರಾತ್ರಿ ಯೂದನೂ ಕೆಟ್ಟನು. ಅವನೂ ಪಶ್ಚಾತ್ತಾಪಪಟ್ಟನೆಂದು ಮತ್ತಾಯನು ಬರೆದಿದ್ದಾನೆ (27:3–5). ಇಬ್ಬರ ದುಃಖವನ್ನೂ ತೂಗಿ ಹೆಚ್ಚುಕಡಿಮೆ ಹೇಳಲು ನಮ್ಮಿಂದಾಗದು. ಅವರ ಕಾಲುಗಳು ಹೋದ ದಿಕ್ಕನ್ನು ಮಾತ್ರ ನೋಡಿರಿ. ಯೂದನು ಯಾಜಕರ ಬಳಿಗೆ ಹೋದನು, ಅಲ್ಲಿಂದ ಹಗ್ಗಕ್ಕೆ. ಪೇತ್ರನು ಯೇಸುವು ದಡದಲ್ಲಿ ನಿಂತಿದ್ದಾನೆಂದು ಕೇಳಿದಾಗ ದೋಣಿಯು ದಡ ಸೇರುವ ತನಕ ತಾಳದೆ ನೀರಿಗೆ ಧುಮುಕಿದನು. ಇದೇ ಭೇದವನ್ನು ಪೌಲನ ಕೊನೆಯ ಪತ್ರಿಕೆಯಲ್ಲಿ ಎರಡು ವಚನಗಳು ಅಕ್ಕಪಕ್ಕದಲ್ಲಿ ತೋರಿಸುತ್ತವೆ (2 ತಿಮೊಥೆ 4:10, 11). ದೇಮನು ಇಹಲೋಕವನ್ನು ಪ್ರೀತಿಸಿ ಹೊರಟುಹೋದನು. ಮುಂಚೆ ಪಂಫುಲ್ಯದಲ್ಲಿ ಕೆಲಸವನ್ನು ಬಿಟ್ಟು ಓಡಿಹೋಗಿದ್ದ ಮಾರ್ಕನನ್ನಾದರೋ, ಅವನು ಉಪಯುಕ್ತನು, ಕರಕೊಂಡು ಬಾ ಎಂದು ಅಪೊಸ್ತಲನು ಬರೆಯುತ್ತಾನೆ. ಪೌಲನೇ ಒಮ್ಮೆ ಅವನನ್ನು ಬೇಡವೆಂದು ತಳ್ಳಿದ್ದನು; ಪೌಲನ ತೀರ್ಪೂ ಆಗ ಅವಸರದ್ದಾಗಿತ್ತೋ ಏನೋ.

ಈ ಪ್ರಶ್ನೆಯು ನಮ್ಮ ಕಾಲಕ್ಕೆ ಹುಟ್ಟಿದ್ದಲ್ಲ. 250ರಲ್ಲಿ ರೋಮ್ ಚಕ್ರವರ್ತಿಯಾದ ದೆಕಿಯನು ಎಲ್ಲರೂ ದೇವತೆಗಳಿಗೆ ಬಲಿಯನ್ನು ಅರ್ಪಿಸಿ ಅದಕ್ಕೆ ಸಾಕ್ಷಿಪತ್ರವನ್ನು ಪಡೆಯಬೇಕೆಂದು ಆಜ್ಞಾಪಿಸಿದಾಗ ಕ್ರೈಸ್ತರಲ್ಲಿ ಅನೇಕರು ಸತ್ತರು, ಅನೇಕರು ಹೆದರಿ ಬಲಿಕೊಟ್ಟರು, ಕೆಲವರು ಬಲಿಕೊಡದೆ ಹಣ ತೆತ್ತು ಬರೀ ಕಾಗದವನ್ನು ಕೊಂಡುಕೊಂಡರು. ಉಪದ್ರವವು ತೀರಿದ ಮೇಲೆ ಬಿದ್ದವರು ಅಳುತ್ತಾ ಬಾಗಿಲಿಗೆ ಬಂದರು. ರೋಮಿನಲ್ಲಿ ನೊವಾತಿಯನನು ಅಂಥವರನ್ನು ಸೇರಿಸಲೇಬಾರದೆಂದನು. ಕಾರ್ಥೇಜಿನ ಸಭಾಧ್ಯಕ್ಷನಾದ ಸಿಪ್ರಿಯಾನನು, ವಿಚಾರಿಸಿ, ಮಾನಸಾಂತರವನ್ನು ಕಂಡು, ಸೇರಿಸಬೇಕೆಂದನು. ಸಭೆಯು ಸಿಪ್ರಿಯಾನನ ಮಾತನ್ನು ಹಿಡಿಯಿತು.

ನಮ್ಮ ಕಾವೇರಿಯ ದಡದಲ್ಲಿಯೂ ಇದು ನಡೆಯಿತು. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ರೋಮನ್ ಕಥೋಲಿಕ ಕ್ರೈಸ್ತರು ಯುದ್ಧದಲ್ಲಿ ಇಂಗ್ಲಿಷರಿಗೆ ಸಹಾಯಮಾಡಿದರೆಂದು ಅವರನ್ನು ಕುಟುಂಬ ಸಮೇತರಾಗಿ ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಹತ್ತಾರು ಸಾವಿರ ಮಂದಿ. ದಾರಿಯಲ್ಲಿ ಸತ್ತವರು ಎಷ್ಟೋ. ಪಾದ್ರಿಗಳನ್ನು ಮೊದಲೇ ದೇಶದಿಂದ ಹೊರಡಿಸಿದ್ದರು. ಯೌವನಸ್ಥರಲ್ಲಿ ಅನೇಕರು ಬಲಾತ್ಕಾರದಿಂದ ಮತ ಬದಲಿಸಿ ಸೈನ್ಯದಲ್ಲಿ ಸೇರಿಸಲ್ಪಟ್ಟರು. ಹದಿನೈದು ವರುಷಗಳಾದ ಮೇಲೆ, 1799ರ ಮೇ 4ರಂದು ಕೋಟೆಯು ಬಿದ್ದಾಗ ಉಳಿದವರಿಗೆ ಬಿಡುಗಡೆಯಾಯಿತು. ಅಬ್ಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿಯು ಅಲ್ಲಿಗೆ ಬಂದು ಚದರಿದವರನ್ನು ಕೂಡಿಸಿದನು. ಹೊರಗೆ ಮತ ಬದಲಿಸಿದ್ದವರು ತಿರುಗಿ ಬಂದರು. ಇದನ್ನು ಬರೆಯುವದು ಈಗಿನ ಯಾವ ನೆರೆಯವರ ಮೇಲೂ ಹಗೆ ಹುಟ್ಟಿಸುವದಕ್ಕಲ್ಲ. ಯುದ್ಧಕಾಲದ ಅರಸರು ಎಲ್ಲಾ ಮತಗಳಲ್ಲಿಯೂ ಕಠಿನರಾಗಿದ್ದರು. ಹದಿನೈದು ವರುಷ ದೇವಾಲಯವೂ ಪಾದ್ರಿಯೂ ಇಲ್ಲದೆ ಇದ್ದವರೊಳಗೆ ಏನೋ ಸಾಯದೆ ಉಳಿದಿತ್ತೆಂಬದನ್ನು ನೋಡಿರೆಂದೇ ಬರೆದೆವು. ವಿನೋದವೇನಂದರೆ, ಅದೇ ದುಬ್ವಾ ಪಾದ್ರಿಯು 1823ರಲ್ಲಿ ಲಂಡನಿನಲ್ಲಿ ಅಚ್ಚಾದ ಪುಸ್ತಕವೊಂದರಲ್ಲಿ ಹಿಂದೂಗಳು ಕ್ರೈಸ್ತರಾಗುವದು ಆಗದ ಕೆಲಸವೆಂದು ವಾದಿಸಿದನು. ಅವನು ಅಷ್ಟೊಂದು ತಿಳಿದವನು, ಕಣ್ಣಾರೆ ಕಂಡವನು! ಈ ಪಾಠವನ್ನು ಓದುತ್ತಿರುವ ನೀವು ಅವನಿಗೆ ಉತ್ತರವಾಗಿದ್ದೀರಿ.

ರಕ್ಷಣೆ ಹೊಂದಿದವನು ಎಂದಾದರೂ ಪೂರ್ಣವಾಗಿ ಬಿದ್ದುಹೋಗಬಹುದೋ ಎಂಬಲ್ಲಿ ಪ್ರೊಟೆಸ್ಟಾಂಟ್ ಗುರುಗಳೇ ಒಂದಾಗಿಲ್ಲ. ಇದನ್ನು ನಿಮ್ಮಿಂದ ಮರೆಮಾಡುವದು ಸರಿಯಲ್ಲ. 1618–19ರಲ್ಲಿ ಹಾಲೆಂಡಿನ ದೋರ್ತ್ ಪಟ್ಟಣದಲ್ಲಿ ಕೂಡಿದ ಸಭೆಯವರು, ದೇವರು ಆದುಕೊಂಡವರನ್ನು ಆತನೇ ಕಡೇ ವರೆಗೆ ಕಾಪಾಡುವನೆಂದು ತೀರ್ಮಾನಿಸಿದರು. 1738ನೆಯ ಮೇ 24ರ ಸಂಜೆ ಲಂಡನಿನ ಒಂದು ಕೂಟದಲ್ಲಿ ತನ್ನ ಪಾಪಗಳು ಕ್ಷಮಿಸಲ್ಪಟ್ಟವೆಂಬ ನಿಶ್ಚಯವನ್ನು ಹೊಂದಿದ ಜಾನ್ ವೆಸ್ಲಿಯಾದರೋ, ನಿಶ್ಚಯವುಳ್ಳವನೂ ಎಚ್ಚರವಾಗಿರದಿದ್ದರೆ ಬೀಳಬಹುದೆಂದು ಬೋಧಿಸಿದನು. ನಮ್ಮ ನಾಡಿನ ಶ್ರೀವೈಷ್ಣವ ಪಂಡಿತರಲ್ಲಿಯೂ ಇದಕ್ಕೆ ಸಮೀಪವಾದ ವಾದವೊಂದು ಬಹುಕಾಲದಿಂದ ನಡೆದಿದೆಯೆಂಬದು ಬಿಳಿಗಿರಿರಂಗನ ಬೆಟ್ಟದ ಆಸುಪಾಸಿನವರಾದ ನಿಮ್ಮಲ್ಲಿ ಕೆಲವರು ಬಲ್ಲಿರಿ: ಬೆಕ್ಕು ತನ್ನ ಮರಿಯನ್ನು ತಾನೇ ಬಾಯಲ್ಲಿ ಕಚ್ಚಿಕೊಂಡು ಹೋಗುವದು, ಕೋತಿಯ ಮರಿಯು ತಾನೇ ತಾಯಿಯ ಹೊಟ್ಟೆಯನ್ನು ಹಿಡಿದುಕೊಳ್ಳಬೇಕು. ಕುರಿಯನ್ನು ಹೆಗಲ ಮೇಲೆ ಹಾಕಿಕೊಂಡು ಬರುವ ಕುರುಬನ ಸಾಮ್ಯವನ್ನು (ಲೂಕ 15:5) ಓದುವಾಗ ನಾವು ಮೊದಲನೆಯದಕ್ಕೇ ವಾಲುತ್ತೇವೆ. ಆದರೂ ಇಬ್ರಿಯರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದ ಎಚ್ಚರಿಕೆಯನ್ನು ಹರಿದುಹಾಕುವದಕ್ಕೆ ನಮಗೆ ಅಪ್ಪಣೆಯಿಲ್ಲ. "ಕರ್ತನು ಹೇಗಾದರೂ ಕಾಪಾಡುವನು, ಒಂದು ಮುಡಿಪು ಕಟ್ಟಿದರೇನು, ಒಂದು ದಿನ ಕುಡಿದರೇನು" ಎಂದು ಮುಂಚೆಯೇ ಲೆಕ್ಕ ಹಾಕುವವನಿಗೆ ಈ ಪಾಠದಲ್ಲಿ ಆದರಣೆಯ ಮಾತು ಒಂದೂ ಇಲ್ಲ. ನಾನು ಕೆಟ್ಟೆನಲ್ಲಾ ಎಂದು ಎದೆ ಒಡೆದುಕೊಳ್ಳುವವನಿಗೇ ಇದನ್ನು ಬರೆದದ್ದು. ಆ ನೋವು ತಾನೇ ಅವನಲ್ಲಿ ಜೀವವುಂಟೆಂಬದಕ್ಕೆ ಗುರುತಲ್ಲವೇ?

ನಿಶ್ಚಯವನ್ನು ಕಳಕೊಳ್ಳುವದೂ ದಾರಿಯನ್ನು ಕಳಕೊಳ್ಳುವದೂ ಒಂದೇ ಅಲ್ಲ. ಬನ್ಯನನ ಪುಸ್ತಕವನ್ನು "ಯಾತ್ರಿಕನ ಸಂಚಾರ"ವೆಂಬ ಹೆಸರಿನಿಂದ ಕನ್ನಡದಲ್ಲಿ ಓದಿದವರಿಗೆ ನೆನಪಿರಬಹುದು: ಗುಡ್ಡದ ನಡುವೆ ನೆರಳಲ್ಲಿ ನಿದ್ದೆಹೋದ ಯಾತ್ರಿಕನ ಕೈಯಿಂದ ಅವನ ಸುರುಳಿಯು ಜಾರಿಬಿದ್ದಿತು, ಮುಂದೆ ಹೋದ ಮೇಲೆ ಅದು ಇಲ್ಲವೆಂದು ಕಂಡನು. ಹೊಸ ಸುರುಳಿಯನ್ನು ಬೇಡಲಿಕ್ಕೆ ಅವನು ತನ್ನ ಊರಿಗೆ ಓಡಲಿಲ್ಲ. ಮಲಗಿದ್ದ ಸ್ಥಳಕ್ಕೆ ಅಳುತ್ತಾ ಹಿಂದಿರುಗಿ ಅಲ್ಲಿಯೇ ಅದನ್ನು ಕಂಡು ಎತ್ತಿಕೊಂಡನು. ನಮ್ಮ ಸಹೋದರನಿಗೂ ಎರಡನೆಯ ದೀಕ್ಷಾಸ್ನಾನ ಬೇಡ. ಅವನು ಬಿದ್ದ ಸ್ಥಳಕ್ಕೆ, ಅಂದರೆ ಆ ತೊಲೆಯ ಕೆಳಕ್ಕೆ ಬರಬೇಕು. ಮುಡಿಪನ್ನು ಬಿಚ್ಚಲಿ, ನಡೆದದ್ದನ್ನು ದೇವರಿಗೆ ಹೆಸರು ಹಿಡಿದು ಅರಿಕೆಮಾಡಲಿ, ಆ ಕಾಸನ್ನು ಬಡವರಿಗೆ ಕೊಡಲಿ. ಅದನ್ನು ಬೀದಿಯಲ್ಲಿ ಬಿಸಾಡಿ ಸೋದರತ್ತೆಯ ಮನಸ್ಸನ್ನು ನೋಯಿಸುವ ಅಗತ್ಯವಿಲ್ಲ.

ಆ ಸೋದರತ್ತೆಯ ಮಾತು ಬಂದದ್ದರಿಂದ ಇನ್ನೊಂದನ್ನು ಕೇಳಬೇಕಾಗಿದೆ. ಅವಳು ಐದು ರಾತ್ರಿ ಮಗುವಿನ ಬಳಿ ಕೂತಿದ್ದಳು. ಆ ಐದು ರಾತ್ರಿಗಳಲ್ಲಿ ಸಭೆಯವರು ಎಲ್ಲಿದ್ದರು? ಅಸ್ವಸ್ಥನಾದವನು ಸಭೆಯ ಹಿರಿಯರನ್ನು ಕರಿಸಲಿ, ಅವರು ಅವನಿಗಾಗಿ ಪ್ರಾರ್ಥಿಸಲಿ ಎಂದು ಯಾಕೋಬನು ಬರೆದಿದ್ದಾನಲ್ಲಾ (5:14). ಮಗುವನ್ನು ಎರಡನೆಯ ದಿನವೇ ಆಸ್ಪತ್ರೆಗೆ ಕರಕೊಂಡು ಹೋಗುವಂತೆ ಹೇಳಲಿಕ್ಕೆ, ಬಸ್ಸಿನ ಹಣ ಕೊಡಲಿಕ್ಕೆ, ತಾಯಿಯು ಒಂದು ಗಳಿಗೆ ಕಣ್ಣು ಮುಚ್ಚುವಂತೆ ಮಗುವನ್ನು ತೊಡೆಯ ಮೇಲೆ ಇಟ್ಟುಕೊಳ್ಳಲಿಕ್ಕೆ ಒಬ್ಬರಾದರೂ ಹೋಗಿದ್ದರೆ ಆ ತೊಲೆಗೆ ಮುಡಿಪು ಏರುತ್ತಿರಲಿಲ್ಲವೋ ಏನೋ. ಕರ್ತನು ತನ್ನವರನ್ನು ಕೈಯಲ್ಲಿ ಹಿಡಿದುಕೊಳ್ಳುತ್ತಾನೆಂದು ಇಷ್ಟು ಹೊತ್ತು ಬರೆದೆವು. ಆ ಕೈಯು ಹಳ್ಳಿಯಲ್ಲಿ ಹೆಚ್ಚಾಗಿ ನಮ್ಮ ನಿಮ್ಮ ಕೈಗಳಾಗಿಯೇ ಬಾಗಿಲು ತಟ್ಟುತ್ತದೆ.

ಆದದರಿಂದ ನಿಮ್ಮ ಸಭೆಯಲ್ಲಿ ಹೀಗೆ ನಿಂತುಹೋದವರು ಇದ್ದರೆ ಬರುವ ಭಾನುವಾರದ ತನಕ ಕಾಯಬೇಡಿರಿ. ಸಂಜೆ ದನ ಕಟ್ಟಿದ ಮೇಲೆ ಇಬ್ಬರು ಹೋಗಿರಿ. ಹೆಚ್ಚು ಜನ ಬೇಡ, ಪಂಚಾಯಿತಿಯಂತೆ ತೋರೀತು. ಜಗುಲಿಯ ಮೇಲೆ ಕೂತುಕೊಳ್ಳಿರಿ, ಅವರು ಕೊಟ್ಟದ್ದನ್ನು ಕುಡಿಯಿರಿ. ಸಮುದ್ರದ ದಡದಲ್ಲಿ ಕರ್ತನು ಪೇತ್ರನಿಗೆ ಮೊದಲು ರೊಟ್ಟಿಯನ್ನೂ ಮೀನನ್ನೂ ಕೊಟ್ಟು, ಊಟವಾದ ಮೇಲೆಯೇ ಪ್ರೀತಿಯ ಪ್ರಶ್ನೆಯನ್ನು ಕೇಳಿದನು. ಮುಡಿಪಿನ ಸುದ್ದಿಯನ್ನು ನೀವು ಎತ್ತಬೇಡಿರಿ. ಹೊತ್ತು ಬಂದಾಗ ಅವನೇ ಎತ್ತುವನು. ಮೊದಲು ಮಗು ಹೇಗಿದೆಯೆಂದು ಕೇಳಿರಿ.